ಹೆಂಡತಿ ಇರುವ ಸ್ವಾಮಿ ನಮಗೆ ಬೇಡವೇ?

ಕಳೆದ ತಿಂಗಳು ವೇಲಚೇರಿಯ ನಮ್ಮ ಮನೆಯಲ್ಲಿ ಒಂದು ಮಗುವಿನ ಜ್ಞಾನಸ್ನಾನದ ಊಟ. ಮೂವತ್ತು ಎಲೆ ಹಾಕಿದ್ದೆವು. ನನ್ನ ಬ್ಯಾಂಕಿನವರು, ಅಪಾರ್ಟ್‌ಮೆಂಟಿನವರು, ಹುಡುಗಿಯ ಕಡೆಯವರು ಎಲ್ಲ ಬಂದಿದ್ದರು. ಕೋಳಿ ಸಾರಿನ ಜೊತೆ ಮುದ್ದೆಯನ್ನೂ ಮಾಡಿಸಿದ್ದೆ, ಊರವರು ಬಂದರೆ ಇರಲಿ ಅಂತ. ಊರಿಂದ ಬಂದವರ ಸಂಖ್ಯೆ ಸೊನ್ನೆ. ಮುದ್ದೆಯನ್ನು ಕೊನೆಗೆ ನಾನೂ ನನ್ನ ಹೆಂಡತಿಯೂ ಎರಡು ದಿನ ತಿಂದೆವು.

ಮಗುವಿನ ಅಪ್ಪ ನನ್ನ ಅಣ್ಣನ ಮಗ. ಹೆಸರು ಬರೆಯುವುದಿಲ್ಲ, ಬೇಡ ಚಿಕ್ಕಪ್ಪ ಅಂದಿದ್ದಾನೆ. ಏಳು ವರ್ಷ ಅವನು ಗುರುವಾಗಿದ್ದ. ನಮ್ಮ ಕನಕಪುರದ ಕಡೆಯ ಹಳೇ ತಲೆಗಳ ಮಾತಿನಲ್ಲಿ ಹೇಳುವುದಾದರೆ 'ಸ್ವಾಮ್ಯೋರು'. ಈಗ ಇಲ್ಲೇ ಒಂದು ಕಂಪನಿಯಲ್ಲಿ ಕೆಲಸ. ಮದುವೆಯಾಗಿದ್ದಾನೆ. ಕದ್ದು ಓಡಿ ಆಗಿದ್ದಲ್ಲ ಸ್ವಾಮಿ, ರೋಮಿನಿಂದ ಬಿಡುಗಡೆ ಪತ್ರ ಬಂದ ಮೇಲೆ ಚರ್ಚಿನಲ್ಲೇ, ಸಾಕ್ಷಿ ಸಹಿ ಎಲ್ಲ ಹಾಕಿಸಿ. ಸಾಕ್ಷಿ ನಾನೇ. ಆದರೂ ಊರಿನವರ ಲೆಕ್ಕದಲ್ಲಿ ಅವನು 'ಬಿಟ್ಟು ಬಂದವನು'. ಅತ್ತಿಗೆ ಅವನ ಫೋನ್ ಎತ್ತುವುದಿಲ್ಲ. ನನ್ನ ಫೋನ್ ಎತ್ತುತ್ತಾರೆ, ಆ ಮಾತು ಬಂದ ತಕ್ಷಣ "ಇಡ್ತೀನಿ ಕಣಪ್ಪ, ಒಲೆ ಮೇಲೆ ಹಾಲಿದೆ" ಅನ್ನುತ್ತಾರೆ. ಎರಡು ವರ್ಷದಿಂದ ಆ ಹಾಲು ಉಕ್ಕುತ್ತಲೇ ಇದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಬಿಕಾಂ ಓದಿದವನು, ದೇವಶಾಸ್ತ್ರ ಓದಿದವನಲ್ಲ. ತಪ್ಪಿದ್ದರೆ ತಿದ್ದಿ. ಆದರೆ ಕಥೋಲಿಕ ಗುರುಗಳು ಕಡ್ಡಾಯವಾಗಿ ಮದುವೆಯಿಲ್ಲದೆ ಇರಬೇಕು ಎನ್ನುವ ನಿಯಮ ದೇವರ ಆಜ್ಞೆ ಅಂತ ನಮ್ಮ ಜನ ತಿಳಿದುಕೊಂಡಿದ್ದಾರಲ್ಲ, ಅದು ಸುಳ್ಳು. ಅದು ಧರ್ಮಸಭೆಯ ಆಡಳಿತ ನಿಯಮ. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ಸಂವಿಧಾನ ಅಲ್ಲ, ಹೆಡ್ಡಾಫೀಸಿನ ಸರ್ಕ್ಯುಲರ್. ತುಂಬಾ ಹಳೆಯ ಸರ್ಕ್ಯುಲರ್ ನಿಜ. ಆದರೂ ಸರ್ಕ್ಯುಲರ್ರೇ.

ಮೊದಲ ಪೋಪ್ ಅಂತ ನಾವು ಕರೆಯುವ ಸಂತ ಪೇತ್ರನಿಗೆ ಅತ್ತೆ ಇದ್ದಳು. ಅವಳಿಗೆ ಜ್ವರ ಬಂದಿತ್ತು, ಯೇಸು ವಾಸಿ ಮಾಡಿದ ಅಂತ ಶುಭಸಂದೇಶದಲ್ಲೇ ಇದೆ. ಹೆಂಡತಿಯಿಲ್ಲದೆ ಅತ್ತೆ ಎಲ್ಲಿಂದ ಬರುತ್ತಾಳೆ? ಪೌಲ ಸ್ವತಃ ಒಂಟಿ. ಒಂಟಿಯಾಗಿರುವುದೇ ಮೇಲು ಅಂದವನೂ ಅವನೇ. ಆದರೆ ಉಳಿದ ಪ್ರೇಷಿತರು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ತಿರುಗುತ್ತಿದ್ದರು ಎಂಬುದನ್ನು ಅವನೇ ಬರೆದಿದ್ದಾನೆ. ಒಂಟಿತನದ ವಿಷಯದಲ್ಲಿ ಪ್ರಭುವಿನ ಆಜ್ಞೆ ತನ್ನ ಬಳಿ ಇಲ್ಲ, ಇದು ತನ್ನ ಅಭಿಪ್ರಾಯ ಅಂತಲೂ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾನೆ. ತಿಮೊಥೆಯನಿಗೆ ಬರೆದ ಪತ್ರದಲ್ಲಿ ಧರ್ಮಾಧ್ಯಕ್ಷನಾಗುವವನು ಹೇಗಿರಬೇಕು ಎಂಬ ಪಟ್ಟಿ ಇದೆಯಲ್ಲ, ಅದರಲ್ಲಿ ಒಬ್ಬಳೇ ಹೆಂಡತಿ ಇರಬೇಕು, ಮಕ್ಕಳನ್ನು ಹದ್ದಿನಲ್ಲಿ ಸಾಕಿರಬೇಕು ಅಂತಿದೆ. ಈಗಿನ ಅರ್ಜಿ ಫಾರಂನಲ್ಲಿ ಪೇತ್ರನ ಅರ್ಜಿ ಮೊದಲ ಸುತ್ತಿನಲ್ಲೇ ತಿರಸ್ಕಾರ!

ನಾಲ್ಕನೇ ಶತಮಾನದ ಶುರುವಿನಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಸಭೆ, ಗುರುಗಳು ಹೆಂಡತಿಯಿದ್ದರೂ ಸಂಸಾರ ಮಾಡಬಾರದು ಎಂದಿತು. ಅಲ್ಲಿಂದ ಎಳೆದೂ ಎಳೆದೂ 1139ರ ಎರಡನೇ ಲ್ಯಾಟರನ್ ಮಹಾಸಭೆಯಲ್ಲಿ ದೀಕ್ಷೆ ಪಡೆದವರ ಮದುವೆ ಮದುವೆಯೇ ಅಲ್ಲ ಅಂತ ತೀರ್ಮಾನವಾಯಿತು. ಅಂದರೆ ಸಾವಿರ ವರ್ಷಕ್ಕೂ ಮಿಕ್ಕಿ ಮದುವೆಯಾದ ಗುರುಗಳು ಪೂಜೆ ಮಾಡಿದ್ದಾರೆ, ಆ ಪೂಜೆಗಳೆಲ್ಲ ಸಂದಿವೆ. ಈ ನಿಯಮದ ಹಿಂದೆ ಭಕ್ತಿ ಮಾತ್ರ ಇರಲಿಲ್ಲ. ಚರ್ಚಿನ ಜಮೀನು ಗುರುವಿನ ಮಕ್ಕಳ ಪಾಲಾಗುತ್ತದೆ ಎಂಬ ಭಯವೂ ಇತ್ತು. ಆ ಕಾಲಕ್ಕೆ ಅದು ನ್ಯಾಯವಾದ ಭಯವೇ. ಇವತ್ತು? ಟ್ರಸ್ಟಿನ ಆಸ್ತಿಯನ್ನು ಮಗನ ಹೆಸರಿಗೆ ಬರೆಯಲು ಹೋದರೆ ಏನಾಗುತ್ತದೆ ಎಂದು ಮೂವತ್ತು ವರ್ಷ ಸಾಲದ ಕಾಗದ ನೋಡಿದ ನನ್ನನ್ನು ಕೇಳಿ. ಅಲ್ಲದೆ ಹೆಂಡತಿ ಮಕ್ಕಳಿಲ್ಲದವರಿಗೆ ಅಣ್ಣ ತಮ್ಮ, ಅಕ್ಕನ ಮಕ್ಕಳು ಇರುವುದಿಲ್ಲವೇ? ಇಷ್ಟು ಸಾಕು, ಮುಂದೆ ಹೋಗೋಣ.

ನಮ್ಮ ಮಹಡಿಯ ಮೇಲೆ ನಿಂತರೆ ಪರಂಗಿಮಲೈ ಕಾಣುತ್ತದೆ. ಸಂತ ತೋಮಾಸರ ಬೆಟ್ಟ. ಮೇಲೆ 1523ರಲ್ಲಿ ಪೋರ್ಚುಗೀಸರು ಕಟ್ಟಿದ ಚರ್ಚು. ತೋಮಾಸರು ಅಲ್ಲೇ ಪ್ರಾಣ ಬಿಟ್ಟರು ಎಂಬುದು ಇಲ್ಲಿಯ ನಂಬಿಕೆ. ಅವರು ಕೇರಳಕ್ಕೆ ಬಂದು ಕಟ್ಟಿದ್ದೆಂದು ಹೇಳುವ ಧರ್ಮಸಭೆಯಲ್ಲಿ ಗುರುಗಳು, ಅಂದರೆ ಕತ್ತನಾರರು, ಹೆಂಡತಿ ಮಕ್ಕಳೊಡನೆ ಇದ್ದರು. ಶತಮಾನಗಟ್ಟಲೆ ಹಾಗೇ ನಡೆದಿತ್ತು. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಬಂದು ಉದಯಂಪೇರೂರಿನಲ್ಲಿ ಸಭೆ ಕರೆದು, ಗುರುಗಳು ಹೆಂಡತಿಯರನ್ನು ಬಿಡಬೇಕು ಅಂತ ಕಟ್ಟಳೆ ಮಾಡಿದರು. ಹೆಂಡತಿಯನ್ನು ಬಿಟ್ಟವನಿಗೆ ಪುಣ್ಯ, ಸರಿ. ಬಿಡಿಸಿಕೊಂಡ ಆ ಹೆಂಗಸರು ಎಲ್ಲಿಗೆ ಹೋದರು? ಮಕ್ಕಳು ಏನಾದರು? ಈ ಪ್ರಶ್ನೆಯನ್ನು ನಾನು ಇಷ್ಟು ವರ್ಷದಲ್ಲಿ ಯಾವ ಪ್ರಸಂಗದಲ್ಲೂ ಕೇಳಿಲ್ಲ. 1653ರಲ್ಲಿ ಮಟ್ಟಾಂಚೇರಿಯ ಕೂನನ್ ಶಿಲುಬೆಯ ಮುಂದೆ ಪ್ರಮಾಣ ಮಾಡಿ ಪೋರ್ಚುಗೀಸರ ಹಿಡಿತದಿಂದ ಹೊರಬಂದ ಗುಂಪಿನ ವಂಶದವರೇ ಇವತ್ತಿನ ಆರ್ಥೊಡಾಕ್ಸ್, ಯಾಕೋಬಾಯ ಸಭೆಗಳು. ಅಲ್ಲಿ ಇವತ್ತಿಗೂ ಅಚ್ಚನ್‌ಗಳು ಸಂಸಾರಿಗಳು, ಬಿಷಪರು ಮಾತ್ರ ಸನ್ಯಾಸಿಗಳು. ಕೇರಳದಲ್ಲಿ ಅವರಿಗೆ ಮರ್ಯಾದೆ ಕಡಿಮೆ ಅಂತ ಯಾರಾದರೂ ಹೇಳಿ ನೋಡೋಣ.

ದೂರ ಯಾಕೆ, ಕಥೋಲಿಕರಲ್ಲೇ ನೋಡಿ. ಪೋಪರನ್ನು ಒಪ್ಪಿಕೊಂಡಿರುವ ಪೂರ್ವದೇಶದ ಸಭೆಗಳಲ್ಲಿ, ಉಕ್ರೇನಿನವರಲ್ಲಿ, ಲೆಬನಾನಿನ ಮಾರೋನೈಟರಲ್ಲಿ, ಮದುವೆಯಾದವರಿಗೆ ಗುರುದೀಕ್ಷೆ ಕೊಡುತ್ತಾರೆ. ಇನ್ನೊಂದು ತಮಾಷೆ ಕೇಳಿ. 1980ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಮೆರಿಕದ ಆಂಗ್ಲಿಕನ್ ಪಾದ್ರಿಗಳಿಗೂ, 2009ರಲ್ಲಿ ಪೋಪ್ ಬೆನೆಡಿಕ್ಟ್ ಇಂಗ್ಲೆಂಡ್ ಮೊದಲಾದ ಕಡೆಯವರಿಗೂ ದಾರಿ ತೆರೆದರು. ಅಲ್ಲಿನ ಮದುವೆಯಾದ ಪಾದ್ರಿ ಕಥೋಲಿಕನಾಗಿ ಬಂದರೆ, ಅನುಮತಿ ಪಡೆದು, ಹೆಂಡತಿ ಮಕ್ಕಳ ಸಮೇತ ಕಥೋಲಿಕ ಗುರುವಾಗಬಹುದು. ಬೇರೆ ಬ್ಯಾಂಕಿನಿಂದ ಬಂದವನಿಗೆ ಸಂಸಾರ ಸಹಿತ ಮ್ಯಾನೇಜರ್ ಕ್ವಾರ್ಟರ್ಸು. ನಮ್ಮಲ್ಲೇ ಹುಟ್ಟಿ, ನಮ್ಮಲ್ಲೇ ಪ್ರೊಬೇಷನರಿಯಾಗಿ ಸೇರಿದವನಿಗೆ ಇಲ್ಲ! ಇದಕ್ಕೆ ಉತ್ತರ ಕೊಡಿ ಅಂದರೆ "ಅದು ವಿಶೇಷ ಸಂದರ್ಭ" ಅನ್ನುತ್ತಾರೆ. ವಿಶೇಷ ಸಂದರ್ಭದಲ್ಲಿ ಸಡಿಲಿಸಬಹುದಾದ್ದು ದೇವರ ಆಜ್ಞೆ ಹೇಗಾಯಿತು?

ಈಗ ನಮ್ಮವರ ವಾದಕ್ಕೆ ಬರುತ್ತೇನೆ. ಅದರಲ್ಲಿ ಗಟ್ಟಿಯಾದದ್ದು ಒಂದಿದೆ. ನನ್ನ ಬ್ಯಾಂಕಿನ ಹಳೆಯ ಗೆಳೆಯರೊಬ್ಬರು, ತುಮಕೂರಿನ ಕಡೆಯವರು, ಲಿಂಗಾಯತರು, ಇದೇ ಮಾತು ಹೇಳಿದರು. "ನೋಡ್ರಿ, ನಮ್ಮ ದೇಶದಲ್ಲಿ ಜನ ಕಾಲಿಗೆ ಬೀಳೋದು ಬಿಟ್ಟವನಿಗೆ, ಕಟ್ಟಿಕೊಂಡವನಿಗಲ್ಲ. ಸಿದ್ಧಗಂಗೆ ಬುದ್ಧಿಯವರನ್ನು ನೋಡಿ." ನೋಡಿದ್ದೇನೆ. ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಟೀವಿ ಮುಂದೆ ನಾನೂ ಅತ್ತವನೇ. ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಆ ಒಂಟಿ ಜೀವದ ಬಗ್ಗೆ ಯಾರು ಹಗುರವಾಗಿ ಮಾತಾಡಿದರೂ ನಾನು ಸುಮ್ಮನಿರುವುದಿಲ್ಲ. ಆದರೆ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಇಪ್ಪತ್ತು ದಾಟಿದ ಮೇಲೆ 1930ರಲ್ಲಿ ಕಾವಿ ತೊಟ್ಟವರು. ಅದು ಅವರು ಆರಿಸಿಕೊಂಡದ್ದು. ನಾನು ಬೇಡ ಅನ್ನುತ್ತಿರುವುದು ಬ್ರಹ್ಮಚರ್ಯವನ್ನಲ್ಲ ಸ್ವಾಮಿ, ಕಡ್ಡಾಯವನ್ನು.

ಮತ್ತೆ, ಅದೇ ಗೆಳೆಯರ ಬಸವಣ್ಣನವರಿಗೆ ಇಬ್ಬರು ಹೆಂಡಿರು, ಗಂಗಾಂಬಿಕೆ ನೀಲಾಂಬಿಕೆ. ಆಯ್ದಕ್ಕಿ ಮಾರಯ್ಯ ಹೆಚ್ಚಿಗೆ ಅಕ್ಕಿ ತಂದಾಗ ಅದನ್ನು ವಾಪಸ್ ಸುರಿದು ಬಾ ಅಂತ ತಿದ್ದಿದ್ದು ಅವನ ಹೆಂಡತಿ ಲಕ್ಕಮ್ಮ. ಆ ಮನೆಯಲ್ಲಿ ಗುರು ಯಾರು, ಶಿಷ್ಯ ಯಾರು? ಹನ್ನೆರಡನೇ ಶತಮಾನದಲ್ಲಿ, ಹೆಚ್ಚೂ ಕಡಿಮೆ ಆ ಲ್ಯಾಟರನ್ ಸಭೆ ಗುರುಗಳ ಹೆಂಡಿರನ್ನು ಹೊರಗೆ ಹಾಕಿದ ಕಾಲಕ್ಕೇ, ಕಲ್ಯಾಣದಲ್ಲಿ ಗಂಡ ಹೆಂಡತಿ ಕೂಡಿ ಮಾಡುವ ಭಕ್ತಿಯೇ ಶಿವನಿಗೆ ಹಿತ ಅನ್ನುತ್ತಿದ್ದರು. ಇದನ್ನು ಹೇಳಿದಾಗ ನನ್ನ ಗೆಳೆಯರು ನಕ್ಕು ಕಾಫಿ ತರಿಸಿದರು.

ಇಲ್ಲೊಂದು ಗೊಂದಲ ಇದೆ, ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಮಠದ ಸ್ವಾಮಿ ಬೇರೆ, ದೇವಸ್ಥಾನದ ಅರ್ಚಕ ಬೇರೆ. ಪೂಜೆ ಮಾಡುವ ಅರ್ಚಕ, ಮದುವೆ ಮುಂಜಿ ತಿಥಿ ಮಾಡಿಸುವ ಪುರೋಹಿತ ಸಂಸಾರಿಗಳು. ಯಾರಿಗೂ ಅದು ವಿಚಿತ್ರ ಅನಿಸಿಲ್ಲ. ಕಥೋಲಿಕರಲ್ಲೂ ಎರಡು ಥರ ಇದ್ದಾರೆ. ಯೇಸುಸಭೆಯವರು, ಫ್ರಾನ್ಸಿಸ್ಕನ್ನರು ಇವರೆಲ್ಲ ಬಡತನ, ಕನ್ಯತ್ವ, ವಿಧೇಯತೆ ಅಂತ ಮೂರು ವ್ರತ ಹಿಡಿದ ಸನ್ಯಾಸಿಗಳು. ಅವರ ತಂಟೆಗೆ ನಾನು ಹೋಗುವುದಿಲ್ಲ, ಅವರು ಮಠದವರು. ಆದರೆ ನಮ್ಮ ಊರ ಚರ್ಚಿನಲ್ಲಿರುವ ಧರ್ಮಕೇಂದ್ರದ ಗುರುಗಳು ಸಾಮಾನ್ಯವಾಗಿ ಧರ್ಮಪ್ರಾಂತದವರು. ಅವರು ಬಡತನದ ವ್ರತ ಹಿಡಿದವರಲ್ಲ. ಅವರ ಹೆಸರಿನಲ್ಲಿ ಉಳಿತಾಯ ಖಾತೆ ಇರಬಹುದು, ಸ್ಕೂಟರು ಇರಬಹುದು, ಅಪ್ಪನ ಜಮೀನಿನಲ್ಲಿ ಪಾಲು ಬರಬಹುದು. ಅವರ ಕೆಲಸ ಅರ್ಚಕನದು, ಪುರೋಹಿತನದು, ಊರಿನ ಹಿರಿಯನದು. ಕೆಲಸ ಗೃಹಸ್ಥನದು, ನಿಬಂಧನೆ ಸನ್ಯಾಸಿಯದು. ನಮ್ಮ ಹುಡುಗನನ್ನು ಸವೆಸಿದ್ದು ಇದೇ. ಮಠದಲ್ಲಾದರೆ ಹತ್ತು ಜನ ಜೊತೆಗಿರುತ್ತಾರೆ. ಇವನು ಒಂದು ದೊಡ್ಡ ಬಂಗಲೆಯಲ್ಲಿ ಒಬ್ಬನೇ. ಸಂಜೆ ಪೂಜೆ ಮುಗಿದು ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಅಡಿಗೆಯವಳು ಮುಚ್ಚಿಟ್ಟ ತಣ್ಣಗಿನ ಸಾರು, ಟೀವಿ. "ಚಿಕ್ಕಪ್ಪ, ದಿನಾ ಒಬ್ಬರ ಮನೆಯ ಜಗಳ ಬಿಡಿಸ್ತೀನಿ. ನನ್ನ ಜೊತೆ ಜಗಳ ಆಡೋಕೂ ಒಬ್ಬರಿಲ್ಲ" ಅಂದಿದ್ದ ಒಂದು ಸಲ. ಆಗ ನಾನು ನಕ್ಕುಬಿಟ್ಟಿದ್ದೆ. ಈಗ ನಾಚಿಕೆಯಾಗುತ್ತದೆ.

ಇನ್ನು, ಅವನು ಮನಸ್ಸಾರೆ ಒಪ್ಪಿಯೇ ಮಾತು ಕೊಟ್ಟನಲ್ಲ ಅನ್ನುತ್ತಾರೆ. ಗುರುದೀಕ್ಷೆಗೆ ಕನಿಷ್ಠ 25 ವರ್ಷ ಆಗಿರಬೇಕು ಅಂತ ಧರ್ಮಸಭೆಯ ಕಾನೂನಿದೆ, ಒಪ್ಪಿದೆ. ಇವನಿಗೆ ಆಗ 28. ಆದರೆ ಗುರುಮಠಕ್ಕೆ ಸೇರಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ, 16ಕ್ಕೆ. ಹೆಣ್ಣುಮಕ್ಕಳ ಜೊತೆ ಒಂದು ಕ್ಲಾಸಿನಲ್ಲಿ ಕೂರದೆ, ಒಂದು ಸಂಬಳ ಎಣಿಸದೆ, ಒಂದು ಬಾಡಿಗೆ ಕಟ್ಟದೆ ಹನ್ನೆರಡು ವರ್ಷ. ಊರಲ್ಲಿ ಅಷ್ಟರಲ್ಲಿ ಅವನು 'ಸ್ವಾಮ್ಯೋರಾಗೋ ಹುಡುಗ'. ರಜಕ್ಕೆ ಬಂದರೆ ಅಜ್ಜಿಯರು ಎದ್ದು ನಿಲ್ಲುತ್ತಿದ್ದರು. ಅಂಥವನು ಕೊನೇ ವರ್ಷದಲ್ಲಿ ನನಗೆ ಬೇಡ ಅನ್ನಬಲ್ಲನೇ? ಉಡುಪಿಯ ಶೀರೂರು ಮಠಕ್ಕೆ 2021ರಲ್ಲಿ 16 ವರ್ಷದ ಬಾಲಕನನ್ನು ಪೀಠಾಧಿಪತಿ ಮಾಡಿದಾಗ ಕೇಸು ಕರ್ನಾಟಕ ಹೈಕೋರ್ಟಿಗೆ ಹೋಯಿತು. ಬಾಲಸನ್ಯಾಸಕ್ಕೆ ಕಾನೂನಿನ ಅಡ್ಡಿಯಿಲ್ಲ ಅಂತ ಅದೇ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಕಾನೂನಿನ ಅಡ್ಡಿ ಇಲ್ಲದಿರಬಹುದು. ಆಗ ನಮ್ಮ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ 'ಪಾಪ ಎಳೇ ಹುಡುಗ' ಅಂತ ಕಣ್ಣೀರು ಹಾಕಿದವರಿದ್ದರು. ನಮ್ಮ ಗುರುಮಠದ ಗೇಟಿನೊಳಗೆ ಟ್ರಂಕು ಹೊತ್ತು ಹೋಗುವ ಮೀಸೆ ಮೂಡದ ಹುಡುಗರು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಹಗರಣಗಳನ್ನು ಎತ್ತಿ ವಾದ ಮಾಡುವುದು ಬಲು ಸುಲಭ. ಪೇಪರಿನಲ್ಲಿ ಫಾದರ್ ಅಂತಲೋ ಸ್ವಾಮೀಜಿ ಅಂತಲೋ ಬಂದ ಕೂಡಲೇ "ಇದಕ್ಕೇ ಹೇಳಿದ್ದು ಮದುವೆ ಮಾಡಿ ಅಂತ" ಅನ್ನುವವರಿದ್ದಾರೆ. ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಮಕ್ಕಳ ಮೇಲೆ ಕೈ ಹಾಕುವವನು ಹೆಂಡತಿ ಇಲ್ಲ ಅಂತ ಹಾಕುವುದಲ್ಲ. ಮದುವೆಯಾದ ಮೇಷ್ಟರುಗಳು, ಚಿಕ್ಕಪ್ಪಂದಿರು, ಮಾವಂದಿರು ಅದೇ ಕೆಲಸ ಮಾಡಿ ಜೈಲಿಗೆ ಹೋಗಿದ್ದಾರೆ. ಮದುವೆ ಕಾಯಿಲೆಗೆ ಔಷಧಿಯಲ್ಲ. ಯಾವ ಹೆಣ್ಣುಮಗಳೂ ಇನ್ನೊಬ್ಬನ ಚಿಕಿತ್ಸೆಗಾಗಿ ಹುಟ್ಟಿಲ್ಲ.

"ಸಂಸಾರ ಇದ್ದರೆ ಸೇವೆ ಆಗೋದಿಲ್ಲ, ವರ್ಗ ಆದರೆ ಹೊರಡೋಕೆ ಆಗೋದಿಲ್ಲ" ಅನ್ನುವುದು ಇನ್ನೊಂದು ಮಾತು. ನನಗೆ ಏಳು ಟ್ರಾನ್ಸ್‌ಫರ್ ಆಗಿದೆ. ಏಳು ಸಲವೂ ಹೆಂಡತಿ, ಇಬ್ಬರು ಮಕ್ಕಳು, ಒಂದು ಗ್ರೈಂಡರು, ತುಳುಕುವ ಉಪ್ಪಿನಕಾಯಿ ಜಾಡಿ ಸಮೇತ ಹೋಗಿದ್ದೇನೆ. 2015ರ ಡಿಸೆಂಬರಿನಲ್ಲಿ ವೇಲಚೇರಿ ಮುಳುಗಿದಾಗ ನಮ್ಮ ನೆಲಮಹಡಿಯಲ್ಲಿ ಎದೆಮಟ್ಟ ನೀರು. ಕರೆಂಟಿಲ್ಲ, ಫೋನಿಲ್ಲ. ನಮ್ಮ ಹುಡುಗ ಆಗ ಗುರು. ನಾಲ್ಕನೇ ದಿನ ತನ್ನ ಧರ್ಮಕೇಂದ್ರದವರ ಹತ್ತಿರ ಕಂಬಳಿ, ಬ್ರೆಡ್ಡು, ನೀರಿನ ಬಾಟಲಿ ಕೂಡಿಸಿ ಟೆಂಪೋ ಹತ್ತಿ ಬಂದುಬಿಟ್ಟಿದ್ದ. ಹಿಂದೆ ಮುಂದೆ ಯಾರಿಲ್ಲ, ಅದಕ್ಕೇ ಬರಲು ಆಯಿತು ಅಂತ ಆಗ ನಾನೂ ಅಂದಿದ್ದೆ. ಆದರೆ ಅದಕ್ಕೆ ಮೊದಲು ನಮ್ಮನ್ನು ಮಹಡಿಯಿಂದ ಇಳಿಸಿ ದೋಣಿಯಲ್ಲಿ ಕೂರಿಸಿಕೊಂಡು ಹೋದವರು ಮೀನುಗಾರರು. ಸಮುದ್ರದ ದೋಣಿಯನ್ನು ಲಾರಿಯಲ್ಲಿ ಹಾಕಿಕೊಂಡು ಬಂದಿದ್ದರು. ಅವರಲ್ಲೊಬ್ಬನ ಹೆಂಡತಿಗೆ ದಿನ ತುಂಬಿತ್ತು, ಹುಟ್ಟು ಹಾಕುತ್ತಲೇ ಹೇಳಿದ. ಪಕ್ಕದ ಬೀದಿಯ ಸಿಎಸ್‌ಐ ಪಾದ್ರಿ (ಇಲ್ಲಿ ಅವರನ್ನು ಐಯರ್ ಅಂತಾರೆ, ಮೊದಲ ಸಲ ಕೇಳಿದಾಗ ನಾನು ಬೇಸ್ತು ಬಿದ್ದಿದ್ದೆ) ಪ್ಯಾಂಟು ಮಡಚಿಕೊಂಡು ಮನೆಮನೆಗೆ ಹಾಲಿನ ಪುಡಿ ಹಂಚುತ್ತಿದ್ದರು. ಅವರ ಹೆಂಡತಿ ಚರ್ಚಿನ ಹಾಲಿನಲ್ಲಿ ಇನ್ನೂರು ಜನಕ್ಕೆ ಗಂಜಿ ಕಾಯಿಸುತ್ತಿದ್ದರು. ಒಬ್ಬರ ಸಂಬಳದಲ್ಲಿ ಇಬ್ಬರು ಸೇವಕರು. ಲೆಕ್ಕ ನೀವೇ ಹಾಕಿ.

ಲೆಕ್ಕ ಅಂದೆನಲ್ಲ, ಒಂದು ಕಡೆ ನನ್ನ ವಾದ ಕುಂಟುತ್ತದೆ. ಸಂಸಾರಿ ಗುರುವಿಗೆ ಸಂಬಳ ಬೇಕು. ಮಕ್ಕಳ ಸ್ಕೂಲ್ ಫೀಸು, ಹೆಂಡತಿಯ ಆಸ್ಪತ್ರೆ ಖರ್ಚು, ನಿವೃತ್ತಿಯಾದಾಗ ತಲೆಯ ಮೇಲೊಂದು ಸೂರು. ನಮ್ಮ ಹಳ್ಳಿಯ ಕಾಣಿಕೆ ಡಬ್ಬಿಯಲ್ಲಿ ಬೀಳುವ ಹತ್ತು ಇಪ್ಪತ್ತರ ನೋಟುಗಳಿಂದ ಅದು ಆಗುವುದಿಲ್ಲ. ಕೇರಳದ ಆರ್ಥೊಡಾಕ್ಸರು, ಇಲ್ಲಿಯ ಸಿಎಸ್‌ಐನವರು ನಡೆಸುತ್ತಿದ್ದಾರೆ, ಆದರೆ ಅಲ್ಲಿ ಜನ ಕೈಬಿಚ್ಚಿ ಕೊಡುವ ರೂಢಿಯಿದೆ. ನಾವು ಅಗ್ಗದ ಗುರುವಿಗೆ ಒಗ್ಗಿಕೊಂಡಿದ್ದೇವೆ. ಅವನ ಒಂಟಿತನ ನಮಗೊಂದು ಸಬ್ಸಿಡಿ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಇನ್ನೂ ಒಂದು. ನಿಯಮ ನಾಳೆಯೇ ಬದಲಾದರೂ ನಮ್ಮ ಹುಡುಗನಿಗೆ ಅದರಿಂದ ಏನೂ ಸಿಗುವುದಿಲ್ಲ. ಪೂರ್ವದ ಸಭೆಗಳಲ್ಲೂ ಮದುವೆಯಾದವನಿಗೆ ದೀಕ್ಷೆ ಉಂಟೇ ಹೊರತು ದೀಕ್ಷೆಯಾದವನಿಗೆ ಮದುವೆ ಇಲ್ಲ. ನಾನು ಕೇಳುತ್ತಿರುವುದು ಮುಂದೆ ಬರುವ ಹುಡುಗರಿಗೆ. ದೀಕ್ಷೆಗೆ ಮುಂಚೆ ಎರಡು ದಾರಿ ತೋರಿಸಿ, ಯಾವುದು ಬೇಕೋ ಆರಿಸಿಕೋ ಅನ್ನಿ. ಅಷ್ಟೆ.

ರೋಮಿನಲ್ಲಿ ಇದು ಚರ್ಚೆಯೇ ಆಗಿಲ್ಲ ಅಂತಲ್ಲ. 2019ರ ಅಕ್ಟೋಬರಿನಲ್ಲಿ ಅಮೆಜಾನ್ ಸಿನೊಡ್ ಸೇರಿದಾಗ, ಗುರುಗಳೇ ತಲುಪದ ಕಾಡಿನ ಹಳ್ಳಿಗಳಿಗಾಗಿ ಮದುವೆಯಾದ, ಯೋಗ್ಯರಾದ ಹಿರಿಯರಿಗೆ ದೀಕ್ಷೆ ಕೊಡಬಹುದು ಅಂತ 128 ಮತ ಬಿದ್ದವು, ವಿರುದ್ಧ 41. 2020ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಬರೆದ ಪತ್ರದಲ್ಲಿ ಆ ವಿಷಯದ ಬಗ್ಗೆ ಒಂದಕ್ಷರ ಇಲ್ಲ. ಅದೇ ಫ್ರಾನ್ಸಿಸ್ 2023ರ ಮಾರ್ಚಿನಲ್ಲಿ ಅರ್ಜೆಂಟೀನಾದ ಪತ್ರಕರ್ತರಿಗೆ, ಪಶ್ಚಿಮದ ಸಭೆಯಲ್ಲಿ ಈ ನಿಯಮ ತಾತ್ಕಾಲಿಕ, ದೀಕ್ಷೆಯ ಹಾಗೆ ಶಾಶ್ವತವಲ್ಲ ಎಂದರು. ತಾತ್ಕಾಲಿಕವಂತೆ! ಒಂಬೈನೂರು ವರ್ಷದ ತಾತ್ಕಾಲಿಕ ವ್ಯವಸ್ಥೆಯನ್ನು ನಮ್ಮ ಪಿಡಬ್ಲ್ಯೂಡಿಯವರೂ ಮಾಡಿಲ್ಲ. 2025ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ನಂತರ ಬಂದ 14ನೇ ಲಿಯೋ ಆ ಜೂನಿನಲ್ಲಿ ಬಿಷಪರ ಮುಂದೆ ಮಾತಾಡುವಾಗ ಬ್ರಹ್ಮಚರ್ಯವನ್ನು ಎತ್ತಿಹಿಡಿದೇ ಮಾತಾಡಿದರು. ಬೇಗ ಏನಾದರೂ ಆಗುತ್ತದೆ ಅಂತ ನನಗೆ ಆಸೆಯಿಲ್ಲ.

ಆದರೆ ಊರಿನವರನ್ನು ಒಂದು ಕೇಳಬೇಕು. 2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ. ಅಣ್ಣನಿಗೆ ಉಸಿರು ಸಿಕ್ಕುತ್ತಿರಲಿಲ್ಲ, ಬೆಡ್ ಎಲ್ಲೂ ಇಲ್ಲ, ಮನೆಯಲ್ಲೇ ಇಟ್ಟುಕೊಂಡಿದ್ದರು. ಪಾಪನಿವೇದನೆ ಮಾಡಬೇಕು ಅಂತ ಅಣ್ಣ ಒಂದೇ ಸಮನೆ ಕೇಳುತ್ತಿದ್ದ. ಊರ ಗುರುಗಳೇ ಹಾಸಿಗೆ ಹಿಡಿದಿದ್ದರು. ಮಗ ಚೆನ್ನೈನಿಂದ ಇ-ಪಾಸ್ ಮಾಡಿಸಿಕೊಂಡು ಕಾರಿನಲ್ಲಿ ಹೋದ. ಅವನು ಗುರುವಿನ ಕೆಲಸ ಬಿಟ್ಟು ಆಗಲೇ ಮೂರು ವರ್ಷ. ಅಪ್ಪನ ಪಕ್ಕದಲ್ಲಿ ಕೂತು, ಉಳಿದವರನ್ನು ಹೊರಗೆ ಕಳಿಸಿ, ಪಾಪನಿವೇದನೆ ಕೇಳಿ, ಕ್ಷಮೆ ಕೊಟ್ಟ. ಮಾರನೇ ದಿನ ಬೆಳಿಗ್ಗೆ ಅಣ್ಣ ಹೋದ. ಬಿಟ್ಟವನ ಕೈಯಲ್ಲಿ ಪಾಪನಿವೇದನೆಯೇ ಅಂತ ಊರಲ್ಲಿ ಗುಸುಗುಸು ಎದ್ದಿತು. ಧರ್ಮಸಭೆಯ ಕಾನೂನು ಏನು ಹೇಳುತ್ತದೆ ಗೊತ್ತೇ? ದೀಕ್ಷೆ ಒಮ್ಮೆ ಆದರೆ ಅಳಿಸಲಾಗದು. ಸಾವಿನ ಅಪಾಯದಲ್ಲಿರುವವನಿಗೆ ಯಾವ ಗುರುವಾದರೂ, ಅಧಿಕಾರ ಕಳೆದುಕೊಂಡವನೂ ಸಹ, ಪಾಪಕ್ಷಮೆ ಕೊಡಬಹುದು. 976ನೇ ವಿಧಿ. ಅಂದರೆ ಅವನ ಕೈಯಲ್ಲಿ ಏನೋ ಇದೆ ಅಂತ ರೋಮ್ ಒಪ್ಪುತ್ತದೆ. ಸಾಯುವವನಿಗೆ ಸಾಕು, ಬದುಕಿರುವವರಿಗೆ ಬೇಡ.

ಬಿಡುಗಡೆ ಪತ್ರವನ್ನು ಸಾಮಾನ್ಯವಾಗಿ ನಲವತ್ತು ತುಂಬುವವರೆಗೆ ಕೊಡುವುದಿಲ್ಲ. ಇವನೂ 2023ರವರೆಗೆ ಕಾದ. ಕೊಟ್ಟಾಗಲೂ ಪ್ರಸಂಗ ಮಾಡಬಾರದು, ಗುರುಮಠದಲ್ಲಿ ಪಾಠ ಹೇಳಬಾರದು, ಗುರುತು ಇರುವ ಕಡೆ ಇರದಿದ್ದರೆ ಒಳ್ಳೆಯದು ಎಂಬ ಷರತ್ತುಗಳು. ಊರಿಗೇ ಬರಬೇಡ ಅಂತ ಅದರಲ್ಲಿ ಬರೆದಿಲ್ಲ. ಅದನ್ನು ಸೇರಿಸಿದ್ದು ನಾವು.

ಅತ್ತಿಗೆಯ ಮೇಲೆ ನನಗೆ ಕೋಪವಿಲ್ಲ. ದೀಕ್ಷೆಯ ದಿನ ಮಗನ ಅಂಗೈಗೆ ಎಣ್ಣೆ ಹಚ್ಚಿ ಕಟ್ಟಿದ ಬಿಳೀ ಬಟ್ಟೆಯನ್ನು ತಾಯಿಗೆ ಕೊಡುತ್ತಾರೆ. ತಾಯಿ ಸತ್ತಾಗ ಅದನ್ನು ಅವಳ ಕೈಯಲ್ಲಿಟ್ಟು ಮಣ್ಣು ಮಾಡುವುದು ವಾಡಿಕೆ. ಗುರುವಿನ ತಾಯಿ ಅಂತ ಮೇಲೆ ಗುರುತು ಹಿಡಿಯಲಿ ಎಂದು. ಅದು ಅವರ ಟ್ರಂಕಿನಲ್ಲಿದೆ. ಅವನಿಗೆ ಮದುವೆ ಆಗುವವರೆಗೂ ಅವರಿಗೆ ಆಸೆ ಇತ್ತು. ಈಗ ಆ ಬಟ್ಟೆ ಏನು ಮಾಡೋದು ಅಂತ ನನ್ನ ಹೆಂಡತಿಯ ಹತ್ತಿರ ಒಂದೇ ಒಂದು ಸಲ ಕೇಳಿದರಂತೆ. ನಾನು ಕಾನೂನು ನೋಡಿಯೇ ಹೇಳುತ್ತಿದ್ದೇನೆ ಅತ್ತಿಗೆ, ಅದು ಇವತ್ತಿಗೂ ಸಲ್ಲುತ್ತದೆ. ಇಟ್ಟುಕೊಳ್ಳಿ.

ಬರುವ ತಿಂಗಳು ಊರ ಚರ್ಚಿನ ಹಬ್ಬ. ಬೃಂದಾವನದಲ್ಲಿ ನಾಲ್ಕು ಟಿಕೆಟ್ ಮಾಡಿಸಿದ್ದೇನೆ, ಮಗುವಿಗೆ ಟಿಕೆಟ್ ಬೇಕಿಲ್ಲ. ಬೆಂಗಳೂರಿನಿಂದ ಕಾರು. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಮನೆ ಮುಂದೆ ಇರುತ್ತೇವೆ. ಬಾಗಿಲು ತೆಗೆಯದಿದ್ದರೆ ಜಗುಲಿ ಇದೆ, ನೆರಳಿದೆ, ಮಗುವಿಗೆ ಹಾಲಿನ ಪುಡಿ ನಾವೇ ತರುತ್ತೇವೆ.